ಒಲೆಯ ಹತ್ತಿರ ನಾನಿರಲಿಲ್ಲ

ಲಕ್ಷ್ಮೀದೇವಿ, ನಿನ್ನ ಮಗಳು ನನ್ನ ಬಣ್ಣದ ಕೊಪ್ಪರಿಗೆಗೆ ಬಿದ್ದಾಗ ನಾನು ಅಲ್ಲಿರಲಿಲ್ಲ. ಇದ್ದೆ ಎಂದು ಹೇಳಿದ್ದು ಸುಳ್ಳು. ಆ ಸುಳ್ಳಿಗೆ ಏಟು ತಿಂದವಳು ನೀನು. ಒಂಬತ್ತು ವರ್ಷ ನಾನು ಬಾಯಿ ಬಿಡಲಿಲ್ಲ.

ಮೊಳಕಾಲ್ಮೂರಿನ ಆ ಓಣಿಯಲ್ಲಿ ನಮ್ಮದೂ ನಿಮ್ಮದೂ ಒಂದೇ ಕೋಣೆಯ ಮನೆ. ನಿಮ್ಮದರಲ್ಲಿ ಅರ್ಧ ಮಗ್ಗಕ್ಕೇ ಹೋಗಿತ್ತು. ನೀನೂ ನಿನ್ನ ಗಂಡ ಓಬಳೇಶನೂ ನೇಯಲು ಕೂತರೆ ನಾಲ್ಕು ವರ್ಷದ ಹರ್ಷಿತಾ ಆಡುವುದು ಓಣಿಯಲ್ಲೇ. ನಾನು ರೇಷ್ಮೆಗೆ ಬಣ್ಣ ಕುದಿಸುತ್ತಿದ್ದದ್ದೂ ಅಲ್ಲೇ. ಮೇಲಿನ ಬೀದಿಯ ಬಣ್ಣದವರಿಗೆ ಹಿತ್ತಲಿತ್ತು, ಗೋಡೆಯಿತ್ತು, ಬಾಗಿಲಿಗೆ ಅಗುಳಿಯಿತ್ತು. ನಮಗೆ— ಬೇಡ, ಇದು ನೆಪವಾಗುತ್ತದೆ. ಒಲೆಯ ಸುತ್ತ ನಾಲ್ಕು ತಗಡು ನಿಲ್ಲಿಸಲು ನನ್ನಿಂದ ಆಗುತ್ತಿತ್ತು. ನೀನೇ ಕೇಳಿದ್ದೆ.

"ಅಕ್ಕಾ, ಮಗು ಓಡಾಡ್ತೈತೆ. ಏನಾರ ಅಡ್ಡ ಇಡ್ರಿ."

"ನಿನ್ ಮಗಳನ್ನ ನೀನ್ ನೋಡ್ಕ," ಅಂದಿದ್ದೆ.

ಆ ದಿನ ಓಬಳೇಶ ಸೀರೆ ಕೊಡಲು ಚಳ್ಳಕೆರೆಗೆ ಹೋಗಿದ್ದ. ಮಧ್ಯಾಹ್ನ, ಕೆಂಪು ಬಣ್ಣ ಕುದಿಯುತ್ತಿತ್ತು. ನನಗೆ ಫೋನು ಬಂತು; ಮಾತು ಸರಿಯಾಗಿ ಕೇಳಿಸದೆ ಓಣಿಯ ತುದಿಯವರೆಗೆ ನಡೆದೆ. ಕೆಲಸದ ಮಾತು ಬೇಗ ಮುಗಿಯಿತು. ಆಮೇಲೂ ಅಲ್ಲೇ ನಿಂತು ಯಾರದೋ ಮದುವೆಯ ಸುದ್ದಿ ಕೇಳುತ್ತಿದ್ದೆ— ನಗುತ್ತಲೂ ಇದ್ದೆ. ಆಗ ಕೂಗು ಕೇಳಿಸಿತು. ಒಂದೇ ಕೂಗು.

ಓಡಿ ಬಂದಾಗ ನೀನು ಬರಿಗೈಯಲ್ಲಿ ಅವಳನ್ನು ಎತ್ತುತ್ತಿದ್ದೆ. ಫ್ರಾಕು ತೆಗೆದರೆ ಚರ್ಮವೂ ಅದರ ಜೊತೆ ಬಂತು. ನಿನ್ನ ಕೈ ಮೊಣಕೈತನಕ ಕೆಂಪಾಗಿತ್ತು. ಬಣ್ಣವೆಷ್ಟು, ಬೆಂದದ್ದೆಷ್ಟು ತಿಳಿಯಲಿಲ್ಲ. ಆಂಬುಲೆನ್ಸ್ ಬರುವುದೇ ತಡವಾಯಿತು. ಬಳ್ಳಾರಿಯ ದಾರಿಯಲ್ಲಿ, ರಾಂಪುರ ದಾಟುವ ಮೊದಲೇ ಅವಳು ಹೋದಳು.

ದೇಹ ಓಣಿಗೆ ಬಂದಾಗ ಓಬಳೇಶ ನನ್ನ ಕುತ್ತಿಗೆ ಹಿಡಿದ. ಯಾರೋ ಕೊಪ್ಪರಿಗೆಯನ್ನು ಒದ್ದು ಉರುಳಿಸಿದರು. "ಎಲ್ಲಿ ಸತ್ತಿದ್ದೆ ನೀನು?" ಅಂತ ಅವನು ಅರಚಿದ. ನನಗೆ ಉಸಿರು ಕಟ್ಟುತ್ತಿತ್ತು. ಆಗ ಅಂದೆ:

"ಇಲ್ಲೇ ಇದ್ದೆ. ಎರಡ್ ಸಲ ಮಗೂನ ಓಡಿಸ್ದೆ. ನಿನ್ ಹೆಂಡ್ತೀನ ಕೂಗ್ದೆ. ಅವಳು ಮಗ್ಗ ಬಿಟ್ಟು ಏಳ್ಲಿಲ್ಲ."

ಅವನ ಕೈ ಸಡಿಲಾಯಿತು. ಒಳಗೆ ಹೋಗಿ ಮಗ್ಗದ ಲಾಳಿ ತಂದ. ನೀನು ಪಟ್ಟಿ ಸುತ್ತಿದ ಕೈಗಳನ್ನು ಮುಖಕ್ಕೆ ಅಡ್ಡ ಹಿಡಿದೆ. ಲಾಳಿಯ ಚೂಪು ತುದಿ ಕಿವಿಗೆ ಬಿತ್ತು, ದವಡೆಗೆ ಬಿತ್ತು, ಮತ್ತೆ ಕಿವಿಗೇ ಬಿತ್ತು. "ಲೇದು, ಅಕ್ಕ ಪಿಲವಲೇದು" ಎಂದು ನೀನು ತೆಲುಗಿನಲ್ಲಿ ಹೇಳುತ್ತಲೇ ಇದ್ದೆ— ಅಕ್ಕ ಕರೆಯಲಿಲ್ಲ ಎಂದು. ಬಾಯಲ್ಲಿ ರಕ್ತ ತುಂಬಿ ಮಾತು ನಿಲ್ಲುವತನಕ ಹೇಳಿದೆ. ಸುತ್ತ ಇಡೀ ಓಣಿ ನಿಂತಿತ್ತು. ಯಾರೂ ಬಿಡಿಸಲಿಲ್ಲ. ನಾನೂ.

ಪೊಲೀಸರಿಗೂ ಅದನ್ನೇ ಹೇಳಿದೆ. ಬರೆದುಕೊಂಡು ಹೋದರು.

ಆ ಓಣಿಯಲ್ಲಿ ಹೀಗೆ ಹೋದವರಲ್ಲಿ ಹರ್ಷಿತಾ ಮೊದಲನೆಯವಳಲ್ಲ. ಮುಚ್ಚಳವಿಲ್ಲದ ನೀರಿನ ತೊಟ್ಟಿಯಲ್ಲಿ ಒಂದು ಮಗು. ದೊಡ್ಡ ರಸ್ತೆಯಾಚೆಯ ಅಂಗನವಾಡಿಗೆ ಹೋಗುತ್ತಾ ಲಾರಿಯಡಿಗೆ ಇನ್ನೊಂದು. ಪ್ರತಿ ಸಲವೂ ನಾವು ತಾಯಿಯನ್ನೇ ಅಂದೆವು. ತೊಟ್ಟಿಗೆ ಮುಚ್ಚಳ ಕೇಳಲಿಲ್ಲ. ಆದ್ದರಿಂದ ನನ್ನ ಸುಳ್ಳನ್ನು ನಂಬಲು ಯಾರಿಗೂ ಕಷ್ಟವಾಗಲಿಲ್ಲ. ನಲ್ಲಿಯ ಹತ್ತಿರ ಹೆಂಗಸರು ನಿನ್ನನ್ನು ಮಗು ತಿಂದವಳು ಎಂದರು, ಕೂದಲು ಹಿಡಿದು ದೂಡಿದರು. ಮೂರೇ ತಿಂಗಳಿಗೆ ನೀನೊಬ್ಬಳೇ ಊರು ಬಿಟ್ಟೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದೀಯೆಂದು ಆಮೇಲೆ ಕೇಳಿದೆ. ಒಂದು ಕಿವಿ ಕೇಳಿಸುವುದಿಲ್ಲವಂತೆ.

ಮೊನ್ನೆ ಓಬಳೇಶನಿಗೆ ಹೇಳಿದೆ. ಹೊಡೆಯುತ್ತಾನೆಂದುಕೊಂಡೇ ಹೋಗಿದ್ದೆ. ಅವನು ನನ್ನನ್ನು ಮುಟ್ಟಲಿಲ್ಲ. ಗೋಡೆಗೆ ತಲೆ ಚಚ್ಚಿಕೊಂಡ, ಅಕ್ಕಪಕ್ಕದವರು ಬಂದು ಹಿಡಿದುಕೊಳ್ಳುವತನಕ. ಏನಾಯಿತೆಂದು ಅವರು ಕೇಳಿದರು. ಅವರಿಗೂ ಹೇಳಿದೆ. ನಿನ್ನನ್ನು ನಲ್ಲಿಯ ಹತ್ತಿರ ದೂಡಿದ್ದ ಕಮಲಮ್ಮ ನನ್ನನ್ನು ಕೇಳಿದಳು:

"ಹಂಗಾದ್ರೆ ಅವಳನ್ನ ನಾವ್ಯಾಕೆ ಓಡಿಸಿದ್ವಿ?"



ನಾಳೆ ಠಾಣೆಗೆ ಹೋಗಿ, ಅಂದಿನ ಹೇಳಿಕೆ ಸುಳ್ಳೆಂದು ಬರೆಸುತ್ತೇನೆ. ಅವರು ಬಿಟ್ಟರೆ ಚಳ್ಳಕೆರೆಗೆ ಬರುತ್ತೇನೆ. ನೀನು ಬಾಗಿಲು ತೆರೆಯಬೇಕೆಂದಿಲ್ಲ— ಬೀದಿಯಲ್ಲೇ ನಿಂತು, ನಿನ್ನ ನೆರೆಯವರೆಲ್ಲ ಕೇಳುವಂತೆ ಹೇಳುತ್ತೇನೆ.