ಮಾನ್ಯತೆ ರದ್ದಾದ ಮೇಲೆ

ಕೇಂದ್ರ ಸರ್ಕಾರದ ಹಣ ಪಡೆಯುವ ಖಾಸಗಿ ಕಾಲೇಜುಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಕೋಲ್ಕತ್ತಾಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ದಕ್ಷಿಣೇಶ್ವರದ ಕಡೆಯ ಒಂದು ಕಾಲೇಜಿಗೆ ಹೋಗಿದ್ದೆ. ರಕ್ತಪರೀಕ್ಷೆ ಮಾಡುವ ತಂತ್ರಜ್ಞರನ್ನು ತಯಾರು ಮಾಡುವ ಕಾಲೇಜು. ಬಡ ಮಕ್ಕಳ ಶುಲ್ಕವನ್ನು ಸರ್ಕಾರವೇ ಕಟ್ಟುತ್ತಿತ್ತು.

ಪ್ರಯೋಗಾಲಯ ಫಳಫಳ ಹೊಳೆಯುತ್ತಿತ್ತು. ಪ್ರಾಂಶುಪಾಲರು ಬಂಗಾಳಿ ಸಿಹಿತಿಂಡಿ ತರಿಸಿದರು. ಅಷ್ಟರಲ್ಲಿ ಮನೆಯಿಂದ ಫೋನ್ ಬಂತೆಂದು ವರಾಂಡಕ್ಕೆ ಹೋಗಿ ಹೆಂಡತಿಯೊಡನೆ ಮಾತಾಡಿದೆ. ಫೋನ್ ಇಟ್ಟಾಗ ಬಿಳಿ ಕೋಟಿನ ಹುಡುಗಿಯೊಬ್ಬಳು ಪಕ್ಕದಲ್ಲೇ ನಿಂತಿದ್ದಳು.

"ಅಂಕಲ್, ನೀವು ಕನ್ನಡದವ್ರಾ? ನಮ್ದು ಉಡುಪಿ." ಕನ್ನಡ ಬಾರದ ಪ್ರಾಂಶುಪಾಲರು ಬಾಗಿಲಲ್ಲೇ ಇದ್ದರು. ಅವಳು ನಗುನಗುತ್ತಲೇ ಹೇಳಿದಳು: "ಆ ಮೆಷಿನ್ ಎಲ್ಲ ನಿನ್ನೆ ಬಂದದ್ದು. ನಾಳೆ ವಾಪಸ್ ಹೋಗ್ತದೆ. ನಾವು ಒಂದು ಸ್ಯಾಂಪಲ್ ಸಹ ಟೆಸ್ಟ್ ಮಾಡ್ಲಿಲ್ಲ. ಪ್ಲೀಸ್, ನನ್ನ ಹೆಸ್ರು ಹೇಳ್ಬೇಡಿ."

ಒಳಗೆ ಹೋಗಿ, ನನ್ನ ರಕ್ತವನ್ನೇ ಪರೀಕ್ಷಿಸಿ ತೋರಿಸಿ ಎಂದೆ. ಅಲ್ಲಿದ್ದ ಉಪನ್ಯಾಸಕರಿಗೆ ಯಂತ್ರ ಚಾಲೂ ಮಾಡುವುದೂ ಗೊತ್ತಿರಲಿಲ್ಲ. ಕಂಡದ್ದನ್ನೆಲ್ಲ ವರದಿಯಲ್ಲಿ ಬರೆದೆ. ಕೆಲವು ತಿಂಗಳಲ್ಲಿ ಕಾಲೇಜಿನ ಮಾನ್ಯತೆ ರದ್ದಾಯಿತು, ಅನುದಾನ ನಿಂತಿತು. ಗೇಟಿಗೆ ಬೀಗ ಬಿತ್ತು.

ಹುಡುಗಿ ತಂದೆಯನ್ನು ಕರೆದುಕೊಂಡು ಬಿಬಿಡಿ ಬಾಗ್ ಬಡಾವಣೆಯಲ್ಲಿದ್ದ ನಮ್ಮ ಕಚೇರಿಗೆ ಬಂದಳು. ಅವರು ಕೋಲ್ಕತ್ತಾದಲ್ಲೇ ನೆಲೆಸಿ ಮದುವೆ ಮುಂಜಿಗಳಿಗೆ ಅಡುಗೆ ಮಾಡಿಸುವವರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನೀವು ಮಾಡಿದ್ದು ತಪ್ಪು ಅಂತ ನಾನು ಹೇಳುದಿಲ್ಲ ಮಾರಾಯ್ರೆ. ಆದ್ರೆ ಇವಳು ಈಗ ಎಲ್ಲಿಗೆ ಹೋಗುದು? ಎರಡು ವರ್ಷ ಕಲ್ತದ್ದು ಎಲ್ಲ ನೀರಲ್ಲಿ ಹೋಯ್ತಲ್ಲ."

"ಬೇರೆ ಕಾಲೇಜಿಗೆ ಸೇರಿಸೋಕೆ ಬರೆದಿದ್ದೀನಿ ಸಾರ್," ಎಂದೆ.

ಬರೆದದ್ದು ನಿಜ. ಆದರೆ ಮುಚ್ಚುವ ಆದೇಶದಲ್ಲಿ ಮಕ್ಕಳ ಬಗ್ಗೆ ಒಂದು ಸಾಲೂ ಇರಲಿಲ್ಲ. ದೆಹಲಿಯವರು ಅದು ರಾಜ್ಯದ ಕೆಲಸ ಎಂದರು, ರಾಜ್ಯದವರು ವಿಶ್ವವಿದ್ಯಾಲಯದತ್ತ ಕೈ ತೋರಿಸಿದರು. ನಾನು ಮೇಜಿನಿಂದ ಮೇಜಿಗೆ ಅಲೆದೆ. ಮೇಲಧಿಕಾರಿಯೊಬ್ಬರು, "ನಿಮ್ಮ ಕೆಲಸ ತಪಾಸಣೆಯಷ್ಟೇ ಅಲ್ಲವೇ?" ಎಂದು ಕೇಳಿದರು. ನಾನು ಕಡತ ಎತ್ತಿಕೊಂಡು ಮುಂದಿನ ಮೇಜಿಗೆ ಹೋದೆ.

ಕೊನೆಗೂ ಆದೇಶ ಬಂತು: ಮಕ್ಕಳು ಇನ್ನೊಂದು ಕಾಲೇಜಿಗೆ ಸೇರಬಹುದು, ಮೊದಲ ವರ್ಷದಿಂದ. ಸಂಜೆ ನಾನೇ ಅವಳಿಗೆ ಫೋನ್ ಮಾಡಿದೆ. ಸಿಯಾಲ್ದಾ ರೈಲು ನಿಲ್ದಾಣದ ಹತ್ತಿರದ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಳು. ಹಿಂದೆ ಗಿರಾಕಿಗಳ ಗದ್ದಲ.

"ಮತ್ತೆ ಫಸ್ಟ್ ಇಯರಾ? ಬೇಡ ಅಂಕಲ್," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಕೇಳಿದಳು: "ನಾನು ಅವತ್ತು ಸುಮ್ನೆ ಇದ್ದಿದ್ರೆ ಸರ್ಟಿಫಿಕೇಟ್ ಸಿಗ್ತಿತ್ತು, ಅಲ್ವಾ?"

ಸಿಗುತ್ತಿತ್ತು. "ಹೌದಮ್ಮ," ಎಂದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.