ಆರನೆಯ ಕೊಳವೆಯ ಕುಂಕುಮ

ತಾಮ್ರದ ಅಯಾನಿನೊಳಗೆ ಜೋಡಿಯಿಲ್ಲದ ಎಲೆಕ್ಟ್ರಾನೊಂದು ಹೇಗೆ ಸಂಸಾರ ಮಾಡುತ್ತದೆ ಎಂದು ಇಣುಕಿ ನೋಡುವುದು ನನ್ನ ಘನವಾದ ಉದ್ಯೋಗ. ಪುಡಿಯನ್ನು ಪೆನ್ಸಿಲ್ ಗಾತ್ರದ ಗಾಜಿನ ಕೊಳವೆಗೆ ತುಂಬಿ, ಭಾರಿ ಅಯಸ್ಕಾಂತದ ನಡುವೆ ಇಳಿಬಿಟ್ಟು, ಮೈಕ್ರೋವೇವ್ ಹಾಯಿಸಿದರೆ ಪರದೆಯ ಮೇಲೆ ಗೆರೆ ಮೂಡುತ್ತದೆ. ಅದನ್ನು ನೋಡಿ ನಾವು ಗಂಭೀರವಾಗಿ ತಲೆಯಾಡಿಸುತ್ತೇವೆ.

ಹೋದ ವರ್ಷ ಮೆಲ್ಬರ್ನಿನ ನಮ್ಮ ಯಂತ್ರ ಕೆಟ್ಟು ಕೂತಿತ್ತು. ನನ್ನ ಕಾಂಟ್ರ್ಯಾಕ್ಟೂ ಮುಗಿಯುವುದರಲ್ಲಿತ್ತು. "ಏನಾದರೂ ಹೊಸದು ತೋರಿಸು, ಇನ್ನೊಂದು ವರ್ಷ ಕೊಡಿಸ್ತೀನಿ" ಎಂದು ಬಾಸ್ ಅಪ್ಪಣೆ ದಯಪಾಲಿಸಿದ್ದರು. ಸರಿ, ಆರು ಕೊಳವೆಗಳ ಡಬ್ಬಿ ಹಿಡಿದು, ನನ್ನ ಮನೆಯಿದ್ದ ಪಾಯಿಂಟ್ ಕುಕ್‌ನಿಂದ ಇಂಥದೇ ಯಂತ್ರವಿದ್ದ ಲ್ಯಾಬಿಗೆಂದು ಸಿಡ್ನಿಗೆ ಹೋಗಿ, ಮಾರ್ಸ್ಡನ್ ಪಾರ್ಕಿನ ಗೆಳೆಯನ ಮನೆಯಲ್ಲಿ ಬಿಡಾರ ಹೂಡಿದೆ.

ಮರುದಿನ ಆಯುಧಪೂಜೆ. ಮೈಸೂರಿನಿಂದ ಬಂದಿದ್ದ ಗೆಳೆಯನ ತಾಯಿ ಕಾರು, ಲ್ಯಾಪ್‌ಟಾಪ್, ಹುಲ್ಲು ಕತ್ತರಿಸುವ ಮೆಷಿನ್ ಎಲ್ಲಕ್ಕೂ ಕುಂಕುಮವಿಟ್ಟು, ನನ್ನ ಕೊಳವೆಗಳ ತುದಿಗೂ ಇಟ್ಟಿದ್ದರು.

"ಅಮ್ಮಾ, ಇದು ಸ್ಯಾಂಪಲ್ಲು!"

"ಇದರಿಂದ ತಾನೇ ನೀನು ಅನ್ನ ತಿನ್ನೋದು? ಹಾಗಿದ್ರೆ ಆಯುಧಾನೇ."

ಐದನ್ನು ಸ್ಪಿರಿಟ್ಟಿನಿಂದ ತೊಳೆದೆ. ಆರನೆಯದಕ್ಕೆ ಕೈಹಾಕುವಾಗ ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಡಾಕ್ಟರೇಟ್ ಪಡೆದ ಮಹಾನುಭಾವನಾದ ನಾನು ಕರವಸ್ತ್ರದಿಂದ ಒರೆಸಿದಂತೆ ಮಾಡಿ, ಒಂದಿಷ್ಟು ಕೆಂಪನ್ನು ಹಾಗೇ ಬಿಟ್ಟೆ. ಕಾಂಟ್ರ್ಯಾಕ್ಟಿನ ವಿಷಯ ನೋಡಿ, ಯಾವುದಕ್ಕೂ ಇರಲಿ ಎಂದು.

ಲ್ಯಾಬಿನಲ್ಲಿ ಐದು ಕೊಳವೆಗಳು ಪಠ್ಯಪುಸ್ತಕದಲ್ಲಿರುವ ಗೆರೆಯನ್ನೇ ವಿಧೇಯವಾಗಿ ಎಳೆದವು. ಆರನೆಯದು ಮಾತ್ರ ಯಾರೂ ಕಂಡಿರದ ಅಗಲವಾದ ಉಬ್ಬೊಂದನ್ನು ತೋರಿಸಿತು. ತಡಮಾಡದೆ ಬಾಸ್‌ಗೆ ಕಳಿಸಿದೆ. ಫೋನೇ ಬಂತು: "ಬ್ರಿಲಿಯಂಟ್! ನಿನ್ನ ಕಾಗದಕ್ಕೆ ಇವತ್ತೇ ಸಹಿ ಹಾಕ್ತೀನಿ."

ಅರ್ಧ ಗಂಟೆ ನಾನು ತಾಮ್ರಲೋಕದ ಚಕ್ರವರ್ತಿಯಾಗಿದ್ದೆ. ಆಮೇಲೆ ಕೊಳವೆ ಹೊರತೆಗೆದೆ. ಬೆರಳಿಗೆ ಕೆಂಪು ಹತ್ತಿತು.

ತೊಳೆದು ಮತ್ತೆ ಇಳಿಸಿದರೆ ಉಬ್ಬು ನಾಪತ್ತೆ. ಕುಂಕುಮದ ಬಣ್ಣಕ್ಕೆ ಬೆರೆಸಿದ್ದ ಕಬ್ಬಿಣ ಅಯಸ್ಕಾಂತದೆದುರು ಹಾಜರಿ ಹಾಕಿಹೋಗಿತ್ತು. ತಾಮ್ರ ಪಾಪ, ಎಂದಿನ ತಾಮ್ರವೇ.

ಬಾಯಿಮುಚ್ಚಿಕೊಂಡು ಸಹಿ ಬೀಳುವವರೆಗೆ ಕಾಯಬಹುದಿತ್ತು. ಆ ಯೋಚನೆಗೆ ಒಂದು ಕಾಫಿ ಮುಗಿಯುವಷ್ಟು ಹೊತ್ತು ಕೊಟ್ಟೆ, ಸುಳ್ಳೇಕೆ. ನಂತರ ಬಾಸ್‌ಗೆ ಫೋನ್ ಮಾಡಿ, ಉಬ್ಬು ಕುಂಕುಮದ್ದು ಎಂದು ಹೇಳಿದೆ. "ಹಾಗಾದ್ರೆ ಕಾಗದ ಹರಿದುಹಾಕ್ತೀನಿ" ಎಂದರು.

ಸಂಜೆ ಅಮ್ಮ ಕೇಳಿದರು, "ಏನಂತಪ್ಪಾ ನಿನ್ನ ಮೆಷಿನ್ನು?"

"ನಿಮ್ಮ ಕುಂಕುಮ ಕಾಣಿಸ್ತಂತೆ. ಕೆಲಸ ಹೋಯ್ತು."

ಅವರು ನಗಲಿಲ್ಲ. ಮರುದಿನ ಏರ್‌ಪೋರ್ಟಿಗೆ ಹೊರಟಾಗ, "ಡಬ್ಬಿ ನಾನು ಮುಟ್ಟಿಲ್ಲ, ನೀನೇ ಎತ್ಕೋ" ಎಂದು ದೂರ ನಿಂತರು. ಎತ್ತಿಕೊಂಡೆ. ಆಗ ಹತ್ತಿರ ಬಂದು, ಕುಂಕುಮದ ಭರಣಿ ತೆರೆದು, ನನ್ನ ಹಣೆಗೆ ಮಾತ್ರ ಇಟ್ಟರು.