ಒತ್ತಕ್ಷರದವರು ಅಕ್ಕನಿಗೆ ಜಾಗ ಹುಡುಕಿದ್ದು

ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರಿಗೆ ಅಲ್ಲಿಯ ಜನ ಇಟ್ಟ ಹೆಸರು ಒತ್ತಕ್ಷರ. ಎದುರಿಗೆ ಸಾರ್, ಬೆನ್ನ ಹಿಂದೆ ಒತ್ತಕ್ಷರ. ಒಂದು ಒತ್ತು ತಪ್ಪಿದರೂ ಪುಟವನ್ನೆಲ್ಲ ಕೆಂಪು ಮಾಡಿ ಮುಖಕ್ಕೆ ಹಿಡಿಯುತ್ತಿದ್ದ ಆಸಾಮಿ. ಅವರೂ ಮದುವೆಯಾಗಲಿಲ್ಲ, ಟೆಲಿಫೋನ್ ಕಚೇರಿಯಲ್ಲಿದ್ದ ಅವರ ಅಕ್ಕನೂ ಆಗಲಿಲ್ಲ. ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಇಬ್ಬರೂ ಕಿತ್ತಾಡಿಕೊಂಡು ಸುಖವಾಗಿದ್ದರು. ಈಗ ಅಕ್ಕನಿಗೆ ಎಪ್ಪತ್ತೊಂಬತ್ತು, ಸೊಂಟ ಮುರಿದು ಮಲಗಿದ್ದಾಳೆ. ಬೆಳಗ್ಗೆ ಬಂದು ಮೈ ಒರೆಸಿ ಬಟ್ಟೆ ಬದಲಿಸುವ ನರ್ಸಮ್ಮ ಶನಿವಾರದಿಂದ ಬರುವುದಿಲ್ಲ. ಅಷ್ಟರೊಳಗೆ ಅಕ್ಕನಿಗೊಂದು ಜಾಗ ಹುಡುಕಬೇಕು.

ಮೊದಲು ನೋಡಿದ ವೃದ್ಧಾಶ್ರಮದ ಬೋರ್ಡಿನಲ್ಲೇ ಧ ಒತ್ತಿಲ್ಲದೆ 'ವೃದ್ದರು' ಅಂತಿತ್ತು, ಒಳಗೇ ಕಾಲಿಡಲಿಲ್ಲ. ಎರಡನೆಯದು ಚೆನ್ನಾಗಿತ್ತು. ನೆಲಮಟ್ಟದ ಕೋಣೆ, ಅಗಲ ಬಾಗಿಲು, ಎರಡು ಮಂಚ, ಕರೆದರೆ ಓಡಿ ಬರುವ ಹೆಂಗಸರು.

"ಇಬ್ರೂ ಬಂದ್ಬಿಡಿ ಸಾರ್," ಅಂದಳು ಅಲ್ಲಿಯ ಮೇಲ್ವಿಚಾರಕಿ.

"ನಾನ್ಯಾಕಮ್ಮ? ನನಗೇನಾಗಿದೆ?"

ಅವಳು ಕೊಟ್ಟ ಕಾಗದದಲ್ಲಿ 'ಸ್ವಚ್ಚ ಕೊಠಡಿ' ಅಂತಿತ್ತು, ಛ ಒತ್ತಿರಲಿಲ್ಲ. "ಸ್ವಚ್ಛ ಬರೆಯೋಕೆ ಬರದವ್ರು ಸ್ವಚ್ಛ ಇಟ್ಕೋತಾರಾ?" ಅಂತ ಅಕ್ಕನ ಮುಂದೆ ಹಾರಾಡಿ ಕಾಗದವನ್ನು ಡ್ರಾಯರಿಗೆ ತುರುಕಿದರು.

ಮೂರನೆಯದರ ಗಾಜಿನ ಬಾಗಿಲ ಮೇಲೆ 'ಹಿರಿಯರ ಹಾರೈಕೆ ಕೇಂದ್ರ' ಅಂತ ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿತ್ತು.

"ಆರೈಕೆ ಕಣ್ರೀ! ಹಾರೈಕೆ ಅಂದ್ರೆ ಒಳ್ಳೇದಾಗ್ಲಿ ಅನ್ನೋದು. ಒಳ್ಳೇದಾಗ್ಲಿ ಅಂದ್ರೆ ಹಾಸಿಗೆ ಬದಲಾಗುತ್ತಾ?"

ಮ್ಯಾನೇಜರ್ ಹಲ್ಲು ಕಿರಿದ. "ಒಂದಕ್ಷರ ತಾನೇ ಸಾರ್."

ಒಳಗೆ ನೋಡಿದ ಮೇಲೆ ಬೋರ್ಡೇ ಸರಿ ಅನ್ನಿಸಿತು. ಫಿನಾಯಿಲಿನ ಘಾಟು, ಅದರಡಿಯಿಂದ ಏಳುವ ಉಚ್ಚೆಯ ನಾತ. ಎಂಟು ಮಂಚದ ಮೇಲೆ ಎಂಟು ಹೆಂಗಸರು, ಎಂಟು ಬೋಳಿಸಿದ ತಲೆ. "ಬಾಚೋ ಗೋಳೇ ಇಲ್ಲ ನೋಡಿ," ಅಂತ ಆತ ಹೆಮ್ಮೆಪಟ್ಟ. ಕರೆಗಂಟೆಯ ಹಗ್ಗವನ್ನು ಯಾರ ಕೈಗೂ ಎಟುಕದ ಹಾಗೆ ಮೇಲಕ್ಕೆ ಕಟ್ಟಿದ್ದರು. "ಸುಮ್‌ಸುಮ್ನೆ ಎಳೀತಾರೆ." ಒಬ್ಬಾಕೆ ಒಣಗಿದ ತುಟಿ ಅಲ್ಲಾಡಿಸುತ್ತ ಕಿಟಕಿಯಲ್ಲಿದ್ದ ಲೋಟದತ್ತ ಬೆರಳು ಮಾಡಿದಳು.

"ನಾಲ್ಕು ಗಂಟೆ ಮೇಲೆ ನೀರಿಲ್ಲ ಅಜ್ಜಿ, ಜಾಣೆ ಅಲ್ವಾ ನೀನು?" ಅಂತ ಮ್ಯಾನೇಜರ್ ಆಕೆಯ ಕೆನ್ನೆ ಹಿಂಡಿದ. ಆಮೇಲೆ ಇವರ ಕಿವಿಯ ಹತ್ತಿರ ಬಂದು, "ಕುಡಿದ್ರೆ ರಾತ್ರಿಯೆಲ್ಲ ಬದಲಿಸ್ಬೇಕು ಸಾರ್," ಅಂದ, ಏನೋ ದೊಡ್ಡ ಗುಟ್ಟು ಹೇಳುವವನ ಹಾಗೆ.

ಒತ್ತಕ್ಷರದವರು ಕಿಟಕಿಯ ಹತ್ತಿರ ಹೋದರು. ಲೋಟ ತಂದು ತಾವೇ ಆಕೆಗೆ ಕುಡಿಸಿದರು. "ಥೂ, ಮನುಷ್ಯರೇನ್ರೀ ನೀವು?" ಅಂತ ಉಗಿದು ಹೊರಟವರು ಮನೆ ಮುಟ್ಟುವವರೆಗೂ ಬೈಯುತ್ತಲೇ ಬಂದರು. ಬೈಯುವುದರಲ್ಲಿ ಅವರಿಗೆ ಮೊದಲಿನಿಂದಲೂ ಒಂದು ಸುಖವಿತ್ತು.

ಅಕ್ಕನ ಮಂಚದ ಪಕ್ಕ ಕೂತು ಎಲ್ಲ ಹೇಳಿದರು. ನೀರಿನ ವಿಷಯ ಬಂದಾಗ ಅಕ್ಕ ಗೋಡೆ ನೋಡತೊಡಗಿದಳು. ಸ್ಟೂಲಿನ ಮೇಲೆ ಬೆಳಗಿನ ಜಗ್ ತುಂಬಿದ ಹಾಗೇ ಇತ್ತು.

"ನೀರು ಕುಡಿದಿಲ್ವಾ?"

"ನರ್ಸಮ್ಮ ಹೋದ್ಮೇಲೆ ಕುಡಿಯಲ್ಲ ಕಣೋ. ಬೆಡ್‌ಪ್ಯಾನ್ ಹಿಡಿಯುವಾಗ ನೀನು ಮೂಗು ಮುರಿದು ಮುಖ ತಿರುಗಿಸ್ತೀಯಲ್ಲ, ಅದನ್ನ ನೋಡೋಕಾಗಲ್ಲ ನನ್ನ ಕೈಲಿ."

ಎರಡು ವಾರದಿಂದ ಆ ಜಗ್ ಹೀಗೇ ತುಂಬಿರುತ್ತಿತ್ತು. ಅವರು ನೋಡಿದ್ದರು. ನೋಡಿ, ಸದ್ಯ ಇವತ್ತು ಕೆಲಸ ಕಡಿಮೆ ಅಂತ ಒಳಗೊಳಗೇ ಹಗುರಾಗಿದ್ದರು. ಆ ಹಲ್ಲುಕಿರುಕ ಮ್ಯಾನೇಜರ್ ಬಾಯಿಬಿಟ್ಟು ಹೇಳಿದ್ದನ್ನು ಇವರು ಬಾಯಿ ಮುಚ್ಚಿಕೊಂಡು ನಡೆಸಿದ್ದರು, ಅಷ್ಟೇ ವ್ಯತ್ಯಾಸ. ಬೆಳಗಿನಿಂದ ಬೇರೆಯವರ ಮೇಲಿದ್ದ ಹೇಸಿಗೆಯೆಲ್ಲ ತಿರುಗಿ ಅವರ ಮೈಮೇಲೇ ಬಂದು ಬಿತ್ತು. ಎರಡನೆಯ ಮನೆ ಬೇಡವಾದದ್ದು ಛ ಒತ್ತಿಗಲ್ಲ, ತಮಗಾಗಿ ಕಾದಿದ್ದ ಎರಡನೆಯ ಮಂಚಕ್ಕೆ ಅನ್ನುವುದೂ ಆಗ ಗೊತ್ತಾಯಿತು.

ಡ್ರಾಯರಿನಿಂದ ಕಾಗದ ತೆಗೆದು ಫೋನ್ ಮಾಡಿ, ಇಬ್ಬರೂ ಬರುತ್ತೇವೆ ಅಂದರು. ಮೇಲ್ವಿಚಾರಕಿ ಕೇಳಿದಳು: "ರೋಗಿ ಒಬ್ರು, ನೋಡ್ಕೊಳ್ಳೋರು ಒಬ್ರು ಅಂತ ಬರ್ಕೊಳ್ಳಾ ಸಾರ್?"

ಒತ್ತಕ್ಷರದವರು ತಿದ್ದಿದರು. "ಇಲ್ಲಮ್ಮ. ನೋಡ್ಕೊಳ್ಳೋದು ನನ್ನ ಕೈಲಿ ಆಗ್ಲಿಲ್ಲ. ನೀವು ನೋಡ್ಕೋಬೇಕಾದವ್ರು ಇಬ್ರು ಅಂತಲೇ ಬರ್ಕೊಳ್ಳಿ."